ಸಾತಹಳ್ಳಿಯ ದೊಡ್ಡ ಸ್ವಾಮಿಯವರು

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಬೇಕೆಂದು ಗುರುಗಳು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಜಿಲ್ಲೆಯವರಲ್ಲದ, ನಮ್ಮ ದೇಶದವರೂ ಅಲ್ಲದ ಒಬ್ಬರು. ಬಿ.ಇ. ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಗೆಳೆಯರೊಡನೆ ಹಾಸನದ ಶೆಟ್ಟಿಹಳ್ಳಿಗೆ ಹೋಗಿದ್ದೆ. ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಹಳೆಯ ಚರ್ಚು ಅಲ್ಲಿದೆ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಆಲಮಟ್ಟಿಯ ಮುಳುಗಡೆ ಕಂಡ ತಾಲ್ಲೂಕಿನವನಾದ ನನಗೆ ಅಲ್ಲಿದ್ದ ಜನ ಎಲ್ಲಿ ಹೋದರು ಎಂಬ ಪ್ರಶ್ನೆಯೇ ಕಾಡಿತು. ಆ ಸೀಮೆಯ ಕ್ರೈಸ್ತರ ಕಥೆ ಹುಡುಕುತ್ತ ಹೋದಾಗ ಸಿಕ್ಕವರು ಅಬ್ಬೆ ದುಬಾಯ್.

ಫ್ರಾನ್ಸಿನ ಸೇಂಟ್ ರೆಮೇಜ್ ಅವರ ಊರು. 1792ರಲ್ಲಿ, ದೇಶದಲ್ಲಿ ಕ್ರಾಂತಿ ನಡೆದಿದ್ದಾಗ, ಹಡಗು ಹತ್ತಿ ಪುದುಚೇರಿಗೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಅಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸಕ್ಕೆ ಮೈಸೂರು ಸೀಮೆಗೆ ಬಂದರು. ನಮ್ಮವರ ಹಾಗೆ ಬಟ್ಟೆ ಉಟ್ಟರು, ಮಾಂಸ ಬಿಟ್ಟರು, ಇಲ್ಲಿಯ ಭಾಷೆ ಕಲಿತರು. ಹಾಸನದ ಹತ್ತಿರದ ಸಾತಹಳ್ಳಿಯಲ್ಲಿ ಬಡವರನ್ನು ನೆಲೆ ನಿಲ್ಲಿಸಿ ಒಕ್ಕಲುತನಕ್ಕೆ ಹಚ್ಚಿದರು. ಆ ಧರ್ಮಕೇಂದ್ರದವರು ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆದರು. ಪೂಜೆಯ ಜೊತೆಗೆ ನೇಗಿಲಿನ ಚಿಂತೆಯನ್ನೂ ಮಾಡಿದ ಸ್ವಾಮಿಗಳು ನಮ್ಮ ಕಡೆಯವರಿಗೆ ಹೊಸಬರಲ್ಲ ಬಿಡಿ.

ನನಗೆ ಅವರ ಮೇಲೆ ಗೌರವ ಹುಟ್ಟಿಸಿದ್ದು ಸಿಡುಬಿನ ಲಸಿಕೆ. ಜೆನ್ನರ್ ಇಂಗ್ಲೆಂಡಿನಲ್ಲಿ ಅದನ್ನು ಪ್ರಯೋಗಿಸಿದ್ದು 1796ರಲ್ಲಿ. ಭಾರತದಲ್ಲಿ ಮೊದಲು ಮುಂಬಯಿಯ ಒಂದು ಮಗುವಿಗೆ ಹಾಕಿದ್ದು 1802ರ ಜೂನಿನಲ್ಲಿ. ಅದಾದ ಸ್ವಲ್ಪ ಕಾಲದಲ್ಲೇ ದುಬಾಯ್ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಲಸಿಕೆ ಹಾಕಿಸುತ್ತಿದ್ದರು. ಆಗ ಫ್ರಿಜ್ ಇಲ್ಲ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಸುಮಾರು ಎಂಟು ದಿನಕ್ಕೆ ತೆಗೆದು ಇನ್ನೊಬ್ಬರ ತೋಳಿಗೆ ದಾಟಿಸಬೇಕು. ಸರಪಳಿ ಒಮ್ಮೆ ತುಂಡಾದರೆ ಲಸಿಕೆಯೇ ಮುಗಿಯಿತು. ಅದೂ ಸಿಡುಬನ್ನು ಅಮ್ಮ ಬಂದಳೆಂದು ಪೂಜಿಸುವ ಜನರಲ್ಲಿ, ಪರದೇಶದ ಒಬ್ಬ ಪಾದ್ರಿ, ನಿಮ್ಮ ಮಗುವಿನ ತೋಳು ಕೊಡಿ ಎಂದು ಕೇಳಬೇಕು! ಜನ ಕೊಟ್ಟರು. ನಮ್ಮ ಶಾಲೆಯ ಮೊದಮೊದಲ ಬ್ಯಾಚಿನ ಹಿರಿಯರ ತೋಳಿನ ಮೇಲೆ ದುಂಡನೆಯ ಕಲೆ ಇರುವುದನ್ನು ಈ ಸಮಾರಂಭದಲ್ಲಿ ಗಮನಿಸಿ. ಅದು ಅದೇ ಲಸಿಕೆಯ ಗುರುತು. 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತವಾಯಿತು, ನನ್ನ ಕಾಲದವರಿಗೆ ಆ ಕಲೆ ಇಲ್ಲ.

ಹೊರಜಗತ್ತಿಗೆ ಅವರು ಗೊತ್ತಿರುವುದು ಹಿಂದೂಗಳ ಆಚಾರ ವಿಚಾರಗಳ ಕುರಿತ ದೊಡ್ಡ ಗ್ರಂಥದಿಂದ. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದರ ಹಸ್ತಪ್ರತಿಯನ್ನು 2000 ವರಹ ಕೊಟ್ಟು ಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆದರೆ ಅದರ ಬಹುಪಾಲು ಅವರಿಗಿಂತ ಹಿಂದಿನ ಕೂರ್ಡೂ ಎಂಬ ಜೆಸ್ವಿಟ್ ಪಾದ್ರಿಯ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ 1987ರಲ್ಲಿ ತೋರಿಸಿದರು. ನಮ್ಮ ಕೆಲಸದಲ್ಲಿ ಬೇರೆಯವರ ಕೋಡ್ ತೆಗೆದುಕೊಂಡರೆ ಅವರ ಹೆಸರು ಉಳಿಸಬೇಕೆಂಬುದು ಮೊದಲ ಪಾಠ. ಹೀಗಾಗಿ ಈ ವಿಷಯದಲ್ಲಿ ನಾನು ಅವರ ಪರ ಮಾತಾಡಲಾರೆ. ನಮ್ಮ ಜನರ ಬಗ್ಗೆ ಆ ಪುಸ್ತಕದಲ್ಲಿ ಕಹಿ ಮಾತುಗಳೂ ಸಾಕಷ್ಟಿವೆ. ಲಸಿಕೆಯ ಲೆಕ್ಕ ಬೇರೆ, ಪುಸ್ತಕದ ಲೆಕ್ಕ ಬೇರೆ.

ಮೂವತ್ತು ವರ್ಷ ದುಡಿದು 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಇಲ್ಲಿಯ ಜನರನ್ನು ಮತಾಂತರಿಸುವುದು ಆಗದ ಮಾತು ಎಂದು ಬರೆದರು. ತಾನು ಬಂದ ಕೆಲಸವೇ ಕೈಗೂಡಲಿಲ್ಲವೆಂದು ಪಾದ್ರಿಯೊಬ್ಬರು ಅಚ್ಚಿನಲ್ಲಿ ಹೇಳುವುದು ಸಣ್ಣ ಧೈರ್ಯವಲ್ಲ. ಮಿಷನರಿಗಳು ಸಿಟ್ಟಾದರು, ಉತ್ತರವಾಗಿ ಪುಸ್ತಕವನ್ನೂ ಬರೆದರು. ಇವರು ಮತ್ತೆ ಭಾರತಕ್ಕೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ತಮ್ಮ ಸಂಘದ ಗುರುಮಠದ ಹೊಣೆ ಹೊತ್ತು, 1848ರ ಫೆಬ್ರವರಿ 17ರಂದು ತೀರಿಕೊಂಡರು. ಹೋಗುವಾಗ ಇಲ್ಲಿಂದ ಪಂಚತಂತ್ರದ ಕಥೆಗಳನ್ನು ಒಯ್ದಿದ್ದರು. 1826ರಲ್ಲಿ ಅವು ಫ್ರೆಂಚಿನಲ್ಲಿ ಅಚ್ಚಾದವು.