ಓಣಿಗಳ ವೈದ್ಯ ಪ್ಯಾಟ್ರಿಕ್ ಗೆಡ್ಡೀಸ್

ಬಡವನ ಮನೆಯು ಆರೋಗ್ಯದ ನಿಯಮಗಳಿಗೆ ಹೊಂದದಿದ್ದಾಗ ಆಡಳಿತದ ಮುಂದೆ ಎರಡು ದಾರಿಗಳಿರುತ್ತವೆ. ಮನೆಯನ್ನು ಕೆಡವುವುದು ಒಂದು. ಮನೆಯನ್ನು ನಿಯಮದ ಮಟ್ಟಕ್ಕೆ ಏರಿಸುವುದು ಇನ್ನೊಂದು. ಮೊದಲನೆಯದು ಸುಲಭ, ಎರಡನೆಯದು ಕಷ್ಟ. ಆ ಕಷ್ಟದ ದಾರಿಯನ್ನು ನಮ್ಮ ದೇಶದ ಊರುಗಳಿಗೆ ತೋರಿಸಿಕೊಟ್ಟವರಲ್ಲಿ ಸರ್ ಪ್ಯಾಟ್ರಿಕ್ ಗೆಡ್ಡೀಸ್ ಅಗ್ರಗಣ್ಯರೆಂದು ನಾನು ಭಾವಿಸುತ್ತೇನೆ.

ಗೆಡ್ಡೀಸರು ಹುಟ್ಟಿದ್ದು 1854ರ ಅಕ್ಟೋಬರ್ 2ರಂದು, ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬಲ್ಲಿ. ತಂದೆ ಸೈನಿಕರು. ಲಂಡನ್ನಿನಲ್ಲಿ ಹಕ್ಸ್‌ಲಿಯವರ ಬಳಿ ಜೀವಶಾಸ್ತ್ರ ಕಲಿತ ತರುಣನಿಗೆ 1879ರಲ್ಲಿ, ಮೆಕ್ಸಿಕೋ ಪ್ರವಾಸದಲ್ಲಿ, ಕೆಲಕಾಲ ದೃಷ್ಟಿಯೇ ಮಂದವಾಯಿತು. ಸೂಕ್ಷ್ಮದರ್ಶಕದ ಮೇಲೆ ಬಾಗಬೇಕಾಗಿದ್ದ ಕಣ್ಣು ಬರಬರುತ್ತ ಮನುಷ್ಯನ ವಾಸಸ್ಥಾನದ ಕಡೆಗೆ ಹೊರಳಿತು.

1886ರಲ್ಲಿ ಅನ್ನಾ ಮಾರ್ಟನ್ನರ ಕೈಹಿಡಿದ ಬಳಿಕ ಅವರು ಎಡಿನ್‌ಬರೋ ನಗರದ ಹಳೆಯ ಭಾಗದ ಜೇಮ್ಸ್ ಕೋರ್ಟ್ ಎಂಬ ಜೀರ್ಣ ವಸತಿಯಲ್ಲಿ, ಬಡವರ ನಡುವೆಯೇ ಸಂಸಾರ ಹೂಡಿದರು. ನೆರೆಯವರೊಡನೆ ಗೋಡೆಗೆ ಸುಣ್ಣ ಬಳಿದರು, ಕಸ ತೆಗೆದರು, ಹೂವಿನ ಗಿಡ ನೆಟ್ಟರು. ಓಣಿಯ ರೋಗವನ್ನು ದೂರದಲ್ಲಿ ನಿಂತು ಅಳೆಯದೆ, ಅಲ್ಲಿಯೇ ಬಾಳಿ ಅರಿತರು. ಅವರ ಮುಂದಿನ ವಿಚಾರಗಳೆಲ್ಲಕ್ಕೂ ಇದೇ ತಳಹದಿ.

1914ರಲ್ಲಿ ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲಂಡರ ಆಹ್ವಾನದ ಮೇರೆಗೆ ಅವರು ಭಾರತಕ್ಕೆ ಬಂದರು. ಅವರ ನಗರ ಪ್ರದರ್ಶನದ ಚಿತ್ರ-ನಕ್ಷೆಗಳನ್ನು ಹೊತ್ತ ಹಡಗನ್ನು ಜರ್ಮನರ ಎಮ್ಡೆನ್ ನೌಕೆ ಸಮುದ್ರದ ಪಾಲು ಮಾಡಿತು. ಎದೆಗುಂದದೆ ಮತ್ತೆ ಸಾಮಗ್ರಿ ಕೂಡಿಸಿ 1915ರಲ್ಲಿ ಮದ್ರಾಸಿನಲ್ಲಿ ಪ್ರದರ್ಶನವನ್ನು ನಡೆಸಿಯೇ ಬಿಟ್ಟರು. ಅದೇ ವರ್ಷ, ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯನ್ನು ಕುರಿತೂ ಬರೆದರು.

ಇಕ್ಕಟ್ಟಾದ ಓಣಿಗಳನ್ನು ಒಡೆದು ನೇರವಾದ ಅಗಲ ರಸ್ತೆ ಎಳೆಯುವುದೇ ಅಂದಿನ ಎಂಜಿನಿಯರರ ಚಿಕಿತ್ಸೆಯಾಗಿತ್ತು. ಗೆಡ್ಡೀಸರಾದರೋ ಓಣಿ ಓಣಿಯನ್ನೂ ಕಾಲ್ನಡಿಗೆಯಿಂದ ಸುತ್ತಿ, ಬಿದ್ದ ಮನೆ ಯಾವುದು, ಬಾಳುವ ಮನೆ ಯಾವುದು, ಬಾವಿ ಎಲ್ಲಿ, ಮರ ಎಲ್ಲಿ ಎಂದು ಗುರುತಿಸುತ್ತಿದ್ದರು. ತೀರ ಶಿಥಿಲವಾದುದನ್ನಷ್ಟೇ ತೆಗೆದರೆ ಗಾಳಿ-ಬೆಳಕಿಗೆ ಎಡೆಯಾಗುತ್ತದೆ, ಮಿಕ್ಕ ಮನೆಗಳು ದುರಸ್ತಿಯಿಂದ ಉಳಿಯುತ್ತವೆ, ಖರ್ಚೂ ಕಡಮೆ ಎಂಬುದು ಅವರ ಮತ. ಒಕ್ಕಲೆಬ್ಬಿಸಿದ ಬಡವರು ಬೇರೊಂದು ಇಕ್ಕಟ್ಟಿನಲ್ಲಿ ತುಂಬಿಕೊಳ್ಳುವರಲ್ಲದೆ ರೋಗ ಕಳೆಯದೆಂದು ಅವರು ಕಂಡಿದ್ದರು. ಅಂಗವನ್ನು ಉಳಿಸುವ ಶಸ್ತ್ರವೈದ್ಯ ಇದು.

ಪ್ಲೇಗಿನಿಂದ ಬಳಲಿದ್ದ ಇಂದೂರಿನಲ್ಲಿ ಅವರು ಮಾಡಿದ ಕಾರ್ಯ ಸ್ವಾರಸ್ಯವಾದುದು. ಯಾವ ಓಣಿಯವರು ಮನೆಗಳನ್ನು ಹಸನು ಮಾಡುವರೋ ಆ ದಾರಿಯಿಂದಲೇ ದೀಪಾವಳಿಯ ಮೆರವಣಿಗೆ ಹೋಗುವುದೆಂದು ಸಾರಿಸಿದರು. ಊರೇ ಸುಣ್ಣ-ಕೆಮ್ಮಣ್ಣು ಹಿಡಿಯಿತು. ಕಸ ಗುಡಿಸುವವರಿಗೂ ಆ ಮೆರವಣಿಗೆಯಲ್ಲಿ ಮಾನ ದೊರೆಯಿತು.

1917 ಅವರ ಪಾಲಿಗೆ ಕ್ರೂರ ವರ್ಷ. ಹಿರಿಯ ಮಗ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದ. ಕೆಲವೇ ವಾರಗಳಲ್ಲಿ ಪತ್ನಿಯೂ ಭಾರತದಲ್ಲಿಯೇ ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. 1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ನಮ್ಮ ಧಾರವಾಡ-ಬೆಳಗಾವಿ ಕಡೆಯ ವಿದ್ಯಾರ್ಥಿಗಳೂ ಅಂದು ಪದವಿ ಪಡೆಯುತ್ತಿದ್ದುದು ಅದೇ ವಿಶ್ವವಿದ್ಯಾಲಯದಿಂದ. 1932ರ ಏಪ್ರಿಲ್ 17ರಂದು ಫ್ರಾನ್ಸಿನ ಮೋಂಪೆಲಿಯೆಯಲ್ಲಿ ಅವರು ಕಾಲವಾದರು. ಅವರ ವರದಿಗಳಲ್ಲಿ ಹಲವು ಕಡತಗಳಲ್ಲಿಯೇ ಉಳಿದವು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳೆಯ ಓಣಿಗಳಲ್ಲಿ ನಡೆಯುವಾಗ ಈ ಜೀವನ ನನ್ನ ನೆನಪಿಗೆ ಬರುತ್ತದೆ. ಮಣ್ಣಿನ ಮಾಳಿಗೆ, ಒಂದೇ ಬೆಳಕಿಂಡಿ, ಬಾಗಿಲ ಮುಂದೆ ನಿಂತ ಬಚ್ಚಲ ನೀರು: ಇವು ತಪ್ಪದೆ ತಿದ್ದಬೇಕಾದ ದೋಷಗಳು. ಆದರೆ ಕಟ್ಟೆಯ ಮೇಲಿನ ಮಾತು, ಕೂಗಿದರೆ ಓಡಿಬರುವ ನೆರೆ, ನಡೆದು ಹೋಗುವಷ್ಟು ಹತ್ತಿರದ ಕೂಲಿ, ಇವೂ ಮನೆಯ ಭಾಗಗಳೇ. ಗೋಡೆಯೊಡನೆ ಇವು ಕೆಡವಲ್ಪಟ್ಟರೆ ಯಾವ ಅನುದಾನವೂ ಮರಳಿ ಕಟ್ಟಿಕೊಡಲಾರದು. ಗಾಳಿ, ಬೆಳಕು, ನೈರ್ಮಲ್ಯಗಳಿಲ್ಲದ ಪ್ರದೇಶವನ್ನು ಗುರುತಿಸಲು ನಮ್ಮ ರಾಜ್ಯದಲ್ಲಿ 1973ರ ಕೊಳಚೆ ಪ್ರದೇಶಗಳ ಕಾಯಿದೆಯಿದೆ. ಅದರ ಹೆಸರಿನಲ್ಲಿ ಅಭಿವೃದ್ಧಿ, ನಿರ್ಮೂಲನೆ ಎಂಬ ಎರಡು ಪದಗಳೂ ಇವೆ. ಅಭಿವೃದ್ಧಿಯ ಮಾತು ಮೊದಲು ಬರಲಿ, ನಿರ್ಮೂಲನೆ ಕಟ್ಟಕಡೆಗಿರಲಿ ಎಂಬುದೇ ಗೆಡ್ಡೀಸರ ಬಾಳಿನಿಂದ ನಮ್ಮ ಪುರಪಿತೃಗಳು ಕಲಿಯಬೇಕಾದ ಪಾಠ.