ಡೆನಿಸ್ ರಿಚಿ ಮತ್ತು ನಮ್ಮ ಸುಳ್ಳು ಅಲಾರಂ

ಸಿ ಭಾಷೆಯಿಂದ ನಮಗೆಲ್ಲ ಗೊತ್ತಿರೋ ಡೆನಿಸ್ ರಿಚಿ ಹುಟ್ಟಿದ್ದು 1941ರಲ್ಲಿ, ಅಮೆರಿಕದಲ್ಲಿ. 1967ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. 1969ರಲ್ಲಿ ಕೆನ್ ಥಾಂಪ್ಸನ್ ಜೊತೆ ಯುನಿಕ್ಸ್ ಕೆಲಸಕ್ಕೆ ಕೈಹಾಕಿದರು. 1974ರ ಪ್ರಬಂಧದಲ್ಲಿ ಇಬ್ಬರೂ ಮೌಂಟ್ ಅನ್ನೋದನ್ನ ವಿವರಿಸಿದರು: ಬೇರೆ ಡಿಸ್ಕನ್ನು ಫೈಲ್‌ಗಳ ಮರಕ್ಕೆ ಕೊಂಬೆಯಂತೆ ಕಸಿ ಕಟ್ಟೋದು. ಕಟ್ಟಿದ ಮೇಲೆ ಯಾವುದು ಮೂಲ, ಯಾವುದು ಕಸಿ ಅಂತ ಪ್ರೋಗ್ರಾಂಗೆ ವ್ಯತ್ಯಾಸವೇ ಕಾಣಲ್ಲ. 1983ರಲ್ಲಿ ಇಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ಬಂತು. ರಿಚಿ ತೀರಿಕೊಂಡದ್ದು 2011ರ ಅಕ್ಟೋಬರಿನಲ್ಲಿ.

ಆ ಜಾಣ್ಮೆಯೇ ಈಗ ನಮಗೊಂದು ತಲೆನೋವು. ಉಬುಂಟುವಿನ ಸ್ನ್ಯಾಪ್ ಪ್ಯಾಕೇಜುಗಳು ಹೀಗೆ ಮೌಂಟ್ ಆದ ಇಮೇಜ್‌ಗಳೇ. ಓದೋಕೆ ಮಾತ್ರ ಇರೋದ್ರಿಂದ ಯಾವಾಗಲೂ 100% ಭರ್ತಿ. ಮಾನಿಟರಿಂಗ್ ಪ್ರೋಗ್ರಾಂ ಡಿಸ್ಕ್ ತುಂಬಿತು ಅಂತ ಕೂಗ್ತಾನೇ ಇರುತ್ತೆ.

ಸಕಲೇಶಪುರ, ಆಲೂರು ಕಡೆಯ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತೆ. ಅಲ್ಲಿ ಕಾಡಾನೆ ಹತ್ತಿರ ಬಂದರೆ ಮೊಬೈಲಿಗೆ ಮೆಸೇಜ್ ಬರುತ್ತೆ. ಕಾರ್ಯಾಚರಣೆಗೆ ನಾಲ್ಕು ದಿನ ಬಂದ ಸಾಕಾನೆಗೂ ಮೆಸೇಜ್ ಕಳಿಸಿದರೆ, ನಿಜವಾದ ಎಚ್ಚರಿಕೆಯನ್ನ ತೋಟದವರು ಯಾರೂ ನೋಡಲ್ಲ.

ಹಾಗಾಗಿ ಸ್ಕ್ವಾಶ್‌ಎಫ್‌ಎಸ್, ಐಎಸ್‌ಓ 9660 ಬಗೆಯವನ್ನ ಮಾನಿಟರಿಂಗ್‌ನಿಂದ ಹೊರಗಿಡೋಣ. ರೂಟ್ ಡಿಸ್ಕನ್ನ ಮಾತ್ರ ಬಿಡೋದು ಬೇಡ. ಯಾವುದು ಯಾವ ಬಗೆ ಅಂತ ತಿಳೀಬೇಕಾ? ಟರ್ಮಿನಲ್‌ನಲ್ಲಿ ಮೌಂಟ್ ಅಂತ ಟೈಪ್ ಮಾಡಿ. ರಿಚಿ ಕಾಲದ ಆ ಹೆಸರೇ ಇವತ್ತಿಗೂ ಉತ್ತರ ಕೊಡುತ್ತೆ.