ಮಂಜರಾಬಾದ್ ಕಟ್ಟಿಸಿದವನ ಕಾರ್ಖಾನೆಗಳು

ಸಕಲೇಶಪುರ ದಾಟಿ ಮಂಗಳೂರು ಕಡೆ ಹೊರಟರೆ ದೋಣಿಗಾಲ್ ಹತ್ತಿರ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಸಿಗುತ್ತೆ. ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. 1792ರಲ್ಲಿ ಇದನ್ನು ಕಟ್ಟಿಸಿದ್ದು ಟಿಪ್ಪು ಸುಲ್ತಾನ್. ಅವನ ಆಳ್ವಿಕೆ ಬಗ್ಗೆ ವಾದ ಇವತ್ತಿಗೂ ಮುಗಿದಿಲ್ಲ. ನಾವಿಲ್ಲಿ ಹೇಳೋದು ಅವನ ಕಾರ್ಖಾನೆಗಳ ಕಥೆ.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ತಂದೆ ಹೈದರಾಲಿಯ ದಂಡಿನಲ್ಲೇ ಬೆಳೆದ. ಮೈಸೂರು ಸೈನ್ಯದ ರಾಕೆಟ್‌ಗೆ ಆಗಲೇ ಕಬ್ಬಿಣದ ಕೊಳವೆ ಇತ್ತು. ಕಾಗದ, ಬಿದಿರಿನ ಕೊಳವೆ ಒತ್ತಡಕ್ಕೆ ಒಡೆದುಹೋಗುತ್ತೆ. ಕಬ್ಬಿಣ ತಡೆಯುತ್ತೆ, ಹಾಗಾಗಿ ಮದ್ದನ್ನು ಗಟ್ಟಿಯಾಗಿ ತುಂಬಬಹುದು, ರಾಕೆಟ್ ದೂರ ಹೋಗುತ್ತೆ. ನೆಟ್ಟಗೆ ಹಾರಲಿ ಅಂತ ಉದ್ದನೆಯ ಬಿದಿರು ಕಟ್ಟುತ್ತಿದ್ದರು. ಕಬ್ಬಿಣ ಬಡಿಯುವವನು, ಮದ್ದು ಅರೆಯುವವನು, ಹಾರಿಸುವ ಸಿಪಾಯಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ ಇದು ಆಗೋ ಮಾತಲ್ಲ. 1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪು ರಾಕೆಟ್ ಪಡೆಯನ್ನು ಬೆಳೆಸಿದ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ತಾರಾಮಂಡಲಪೇಟೆಗಳಿದ್ದವು. ಬೆಂಗಳೂರಲ್ಲಿ ಆ ಹೆಸರು ಈಗಲೂ ಉಳಿದಿದೆ.

1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ 16ನೇ ಲೂಯಿಯನ್ನು ಕಂಡರು. ಕೇಳಿದ ಸೈನ್ಯ ಸಿಗಲಿಲ್ಲ, ಕುಶಲಕರ್ಮಿಗಳು ಮಾತ್ರ ಬಂದರು. ಮಂಜರಾಬಾದೂ ಫ್ರೆಂಚ್ ಮಾದರಿಯದೇ, ಕಲ್ಲು ಮಾತ್ರ ಇಲ್ಲಿನದು. ನಕ್ಷತ್ರದ ಆಕಾರ ಚಂದಕ್ಕಲ್ಲ ನೋಡಿ. ಚೌಕ ಕೋಟೆಯಲ್ಲಿ ಗೋಡೆಯ ಬುಡಕ್ಕೆ ಬಂದ ಶತ್ರು ಮೇಲಿದ್ದವರಿಗೆ ಕಾಣಲ್ಲ. ಇಲ್ಲಿ ಒಂದು ಮೂಲೆಯಿಂದ ಪಕ್ಕದ ಮೂಲೆಯ ಬುಡಕ್ಕೆ ಗುಂಡು ಹಾರಿಸಬಹುದು.

ಅದೇ 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತ. ಕಾರ್ಖಾನೆಗಳೂ ನಿಂತವು. ಮೈಸೂರಿನ ರಾಕೆಟ್‌ಗಳು ಇಂಗ್ಲೆಂಡಿನ ವುಲ್ವಿಚ್ ತಲುಪಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗ ಮಾಡಿದ, ಅಳತೆ ಇಟ್ಟ, ಪುಸ್ತಕ ಬರೆದ. 1806ರಲ್ಲಿ ಬ್ರಿಟಿಷರು ಫ್ರಾನ್ಸಿನ ಬುಲೋನ್ ಮೇಲೆ ಅವನ ರಾಕೆಟ್ ಹಾರಿಸಿದರು. ಇಲ್ಲಿ? 2018ರಲ್ಲಿ ಬಿದನೂರಿನ, ಅಂದರೆ ಈಗಿನ ನಗರದ, ಒಂದು ಹಾಳುಬಾವಿಯಿಂದ 1,000ಕ್ಕೂ ಹೆಚ್ಚು ರಾಕೆಟ್ ಹೊರತೆಗೆದರು. ಕೊಳವೆಗಳು ಸಿಕ್ಕವು. ಅವನ್ನು ಮಾಡಿದವರ ಹೆಸರೂ ಗೊತ್ತಿಲ್ಲ, ಅವರ ಲೆಕ್ಕವೂ ಸಿಕ್ಕಿಲ್ಲ.

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗಳ ಗತಿಯೂ ಇದೇ ಅಲ್ವಾ? ಕೆಲವರು ರೆಡಿಮೇಡ್ ಕೊಂಡು ತರ್ತೀವಿ, ಕೆಲವೆಡೆ ನಾಲ್ವರಲ್ಲಿ ಒಬ್ಬ ದುಡಿದು ಮೂವರು ಸಹಿ ಹಾಕ್ತೀವಿ. ಚೆನ್ನಾಗಿ ಮಾಡಿದ್ದೂ ಲ್ಯಾಬ್ ಕಪಾಟು ಸೇರುತ್ತೆ. ಈ ಸಲ ನಾಲ್ವರೂ ಕೈ ಹಾಕೋಣ. ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆವು ಅನ್ನೋದನ್ನ ಜೂನಿಯರ್‌ಗಳಿಗೆ ಕನ್ನಡದಲ್ಲೇ ಬರೆದಿಡೋಣ.